ಮಗುವಿನ ರಕ್ತದೋಷಕ್ಕೆ ಹೊಣೆ ಯಾರು?



ಕನಕಪುರ ಸೀಮೆಯ ಉಯ್ಯಂಬಳ್ಳಿಯ ಸುತ್ತಣ ಹಳ್ಳಿಗಳಲ್ಲಿ ಒಂದು ಮನೆ ಉಂಟು. ಅದರವರು ನಮ್ಮ ಸಭೆಗೆ ಸೇರಿದವರೋ ಸೇರದವರೋ ಎಂಬದು ಇಲ್ಲಿ ಮುಖ್ಯವಲ್ಲ. ಸ್ವಲ್ಪ ರಾಗಿಯ ಹೊಲವನ್ನೂ ಸ್ವಲ್ಪ ಹಿಪ್ಪುನೇರಳೆಯ ತೋಟವನ್ನೂ ಇಟ್ಟುಕೊಂಡು, ರೇಷ್ಮೆಹುಳು ಸಾಕಿ ಜೀವಿಸುವವರು. ಆ ಮನೆಯ ಮಗುವು ಹುಟ್ಟಿದಾಗ ತುಂಬಿದ ಮೈಯುಳ್ಳದ್ದಾಗಿತ್ತು. ಎಂಟನೆಯ ತಿಂಗಳಿನಿಂದ ಅದು ಬಣ್ಣಗೆಡುತ್ತಾ ಬಂತು. ಹಾಲು ಕುಡಿಯುವಾಗಲೇ ದಣಿದು ಬಿಡುತ್ತಿತ್ತು. ಹೊಟ್ಟೆಯ ಎಡಪಕ್ಕವು ಉಬ್ಬಿಕೊಂಡಿತು. ಮನೆಯವರು ದೃಷ್ಟಿ ತೆಗೆಸಿದರು, ಊರಿನವರು ಹೇಳಿದ ಸೊಪ್ಪಿನ ರಸವನ್ನು ಹಾಕಿದರು, ರಕ್ತವಾಗಲೆಂದು ಕಬ್ಬಿಣದ ಔಷಧವನ್ನು ಕುಡಿಸಿದರು. ಯಾವದೂ ಫಲಿಸದಿರಲು ಬೆಂಗಳೂರಿಗೆ ಕೊಂಡುಹೋದರು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಇದು ಥಲಸ್ಸೀಮಿಯ ಎಂಬ ವ್ಯಾಧಿ, ತಂದೆತಾಯಿಗಳಿಂದ ಬಂದದ್ದು ಎಂದು ಹೇಳಿದರು.

ನಾವು ಆ ಮನೆಗೆ ಹೋದ ದಿವಸ ಅಲ್ಲಿನ ಮುದುಕಿಯು ಸೊಸೆಯ ಕಡೆಗೆ ಕೈತೋರಿಸಿ, “ಅಯ್ಯನವರೇ, ನಮ್ಮ ವಂಶದಲ್ಲಿ ಇಂಥಾ ರೋಗ ಯಾರಿಗೂ ಇರಲಿಲ್ಲ, ಇವಳ ಹೊಟ್ಟೆಯಿಂದಲೇ ಬಂತು” ಎಂದಳು. ಆ ಸೊಸೆಯು ಬೇರೆ ಮನೆಯವಳಲ್ಲ. ಮುದುಕಿಯ ಸ್ವಂತ ಮಗಳ ಮಗಳು. ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರು. ನಾವು ಮುದುಕಿಯನ್ನು ತಡೆಯಲಿಲ್ಲ. ತಡೆಯದೆ ಇದ್ದದ್ದು ಮಾತ್ರವಲ್ಲದೆ, ಆ ತಾಯಿಯನ್ನು ಒತ್ತಟ್ಟಿಗೆ ಕರೆದು, “ಅಮ್ಮಾ, ನಿನ್ನ ಮನಸ್ಸಿನಲ್ಲಿ ಅಡಗಿಸಿಟ್ಟ ತಪ್ಪು ಏನಾದರೂ ಇದ್ದರೆ ದೇವರ ಮುಂದೆ ಅರಿಕೆಮಾಡು” ಎಂದು ಬುದ್ಧಿ ಹೇಳಿದೆವು. ಆಕೆಯು ಉತ್ತರ ಕೊಡದೆ ಮಗುವಿನ ತಲೆಯನ್ನು ಸೆರಗಿನಿಂದ ಮುಚ್ಚಿದಳು.

ಆ ಮಾತನ್ನು ನಾವು ಆಡಬಾರದಾಗಿತ್ತು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಪಾಪಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದ ಪ್ರಶ್ನೆಯನ್ನೂ, ಕರ್ತನು ಆ ಎರಡನ್ನೂ ತಳ್ಳಿಬಿಟ್ಟದ್ದನ್ನೂ ನಾವು ಎಷ್ಟೋ ಸಾರಿ ಸಭೆಯಲ್ಲಿ ಓದಿ ವಿವರಿಸಿದ್ದೇವೆ. ಹಾಗಿದ್ದರೂ ಒಬ್ಬ ತಾಯಿಯು ಎದುರಿಗೆ ಕೂತಿರುವಾಗ ಶಿಷ್ಯರ ಪ್ರಶ್ನೆಯೇ ನಮ್ಮ ಬಾಯಿಗೆ ಬಂತು. ಆದದರಿಂದ, ಮಗುವಿನ ರಕ್ತದೋಷಕ್ಕೆ ಹೊಣೆ ಯಾರು ಎಂಬದನ್ನು ಈ ತಿಂಗಳು ವಾಚಕರ ಸಂಗಡ ಶಾಂತವಾಗಿ ವಿಚಾರಿಸಬೇಕೆಂದಿದ್ದೇವೆ.

ಮೊದಲು ವ್ಯಾಧಿಯ ಸ್ವರೂಪವನ್ನು ತಿಳಿದುಕೊಳ್ಳುವದು ಯುಕ್ತ. ಒಂದು ಹನಿ ರಕ್ತದಲ್ಲಿ ಕೋಟಿಗಟ್ಟಲೆ ಕೆಂಪು ಕಣಗಳಿರುತ್ತವೆ. ಅವುಗಳೊಳಗೆ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವು ತುಂಬಿಕೊಂಡು, ಶ್ವಾಸಕೋಶದಿಂದ ಪ್ರಾಣವಾಯುವನ್ನು ಹೊತ್ತು ಮೈಯೆಲ್ಲಾ ಹಂಚುತ್ತದೆ. ಈ ವಸ್ತುವು ಎರಡು ಜೋಡಿ ಎಳೆಗಳಿಂದ ಹೆಣೆಯಲ್ಪಟ್ಟಿದೆ. ಥಲಸ್ಸೀಮಿಯದಲ್ಲಿ ಒಂದು ಜೋಡಿಯ ಎಳೆಯು ಹುಟ್ಟುವದೇ ಇಲ್ಲ, ಇಲ್ಲವೆ ಬಹು ಕೊಂಚವಾಗಿ ಹುಟ್ಟುತ್ತದೆ. ಜೊತೆಯಿಲ್ಲದೆ ಉಳಿದ ಎಳೆಗಳು ಗಂಟುಗಟ್ಟಿ ಕಣವನ್ನೇ ಒಡೆದುಬಿಡುತ್ತವೆ. ಆರೋಗ್ಯವಂತನಲ್ಲಿ ಸುಮಾರು 120 ದಿವಸ ಬಾಳುವ ಕೆಂಪು ಕಣವು ಈ ಮಗುವಿನಲ್ಲಿ ಬಹಳ ಬೇಗನೆ ನಾಶವಾಗುತ್ತದೆ. ಗರ್ಭದಲ್ಲಿರುವ ಶಿಶುವಿಗೆ ಬೇರೊಂದು ತರದ ಎಳೆಯು ಇರುವದರಿಂದ, ಹುಟ್ಟಿದ ಕೆಲವು ತಿಂಗಳು ದೋಷವು ಕಾಣದು. ಆ ಎಳೆಯು ನಿಂತುಹೋದ ಮೇಲೆಯೇ ಬಣ್ಣಗೆಡುವದು. ಈ ರೋಗವನ್ನು 1925ರಲ್ಲಿ ಅಮೇರಿಕದ ಡೆಟ್ರಾಯಿಟ್ ಪಟ್ಟಣದ ಮಕ್ಕಳ ವೈದ್ಯನಾದ ಥಾಮಸ್ ಕೂಲಿ ಎಂಬವನು ಮೊದಲು ವಿವರಿಸಿದನು.

ಮಗುವು ಬದುಕಬೇಕಾದರೆ ಸುಮಾರು ಮೂರು ನಾಲ್ಕು ವಾರಗಳಿಗೊಮ್ಮೆ ಪರರ ರಕ್ತವನ್ನು ಏರಿಸಬೇಕು. ಆದರೆ ಹೀಗೆ ಏರಿಸುವ ಒಂದು ಚೀಲ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣವಿರುತ್ತದೆ. ನಮ್ಮ ದೇಹವು ಒಂದು ದಿವಸಕ್ಕೆ ಹೊರಗೆ ಹಾಕಬಲ್ಲ ಕಬ್ಬಿಣವೋ ಸುಮಾರು 1 ಮಿಲಿಗ್ರಾಂ ಮಾತ್ರ. ಉಳಿದದ್ದು ಹೃದಯದಲ್ಲಿಯೂ ಯಕೃತ್ತಿನಲ್ಲಿಯೂ ಕೂಡಿಕೊಂಡು ಕಾಲಕ್ರಮದಲ್ಲಿ ಕೊಲ್ಲುತ್ತದೆ. ಆದಕಾರಣ ಕಬ್ಬಿಣವನ್ನು ಹೊರಗೆ ತೆಗೆಯುವ ಔಷಧವನ್ನು ಪ್ರತಿದಿನವೂ ಕೊಡಬೇಕು. ಆ ಮನೆಯವರು ಪ್ರೀತಿಯಿಂದ ಕುಡಿಸಿದ ಕಬ್ಬಿಣದ ಔಷಧವು ಈ ಮಗುವಿಗೆ ಬೇಡವಾಗಿದ್ದ ವಸ್ತುವೇ ಆಗಿತ್ತು! ಪ್ರೀತಿಯು ಮಾತ್ರ ಸಾಲದು, ತಿಳುವಳಿಕೆಯೂ ಬೇಕೆಂಬದಕ್ಕೆ ಇದಕ್ಕಿಂತ ದೃಷ್ಟಾಂತ ಬೇಕೇ?

ಎರಡನೆಯದಾಗಿ, ಈ ದೋಷವು ಹೇಗೆ ಇಳಿದು ಬರುತ್ತದೆಂಬದನ್ನು ನೋಡೋಣ. ಪ್ರತಿಯೊಬ್ಬನಲ್ಲಿಯೂ ಈ ಎಳೆಯನ್ನು ನೂಲುವದಕ್ಕೆ ಎರಡು ಆಜ್ಞಾಪತ್ರಗಳಿವೆ ಎಂದು ತಿಳಿಯಿರಿ. ಒಂದು ತಂದೆಯಿಂದ, ಒಂದು ತಾಯಿಯಿಂದ. ಇವುಗಳಿಗೆ ವಂಶವಾಹಿ ಎಂದು ಹೆಸರು. ಒಂದು ಕೆಟ್ಟಿದ್ದು ಒಂದು ಸರಿಯಾಗಿದ್ದರೆ ಆ ಮನುಷ್ಯನು ಉಳುತ್ತಾನೆ, ಹೊರುತ್ತಾನೆ, ಮುಪ್ಪಿನ ವರೆಗೂ ಬಾಳುತ್ತಾನೆ. ತನ್ನಲ್ಲಿ ದೋಷವಿದೆಯೆಂದು ತಿಳಿಯುವದೇ ಇಲ್ಲ. ಇಂಥವನನ್ನು ವಾಹಕನೆಂದು ಕರೆಯುತ್ತಾರೆ. ನಮ್ಮ ದೇಶದಲ್ಲಿ ನೂರು ಮಂದಿಯಲ್ಲಿ ಮೂವರು ನಾಲ್ವರು ಇಂಥವರೆಂದು ಎಣಿಕೆ. ವಾಹಕನೂ ವಾಹಕಳೂ ದಂಪತಿಗಳಾದರೆ, ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ, ಎರಡು ಪಾಲು ವಾಹಕತ್ವದ ಸಂಭವ, ಒಂದು ಪಾಲು ಪೂರ್ಣ ಬಿಡುಗಡೆಯ ಸಂಭವ ಉಂಟು. ಮೊದಲನೆಯ ಮಗುವಿಗೆ ರೋಗ ಬಂದದ್ದರಿಂದ ಮುಂದಿನ ಮೂರು ಮಕ್ಕಳು ಕ್ಷೇಮವೆಂದು ಕೆಲವರು ಲೆಕ್ಕ ಹಾಕುತ್ತಾರೆ. ಅದು ತಪ್ಪು. ಪ್ರತಿ ಗರ್ಭಕ್ಕೂ ಚೀಟಿಯನ್ನು ಹೊಸದಾಗಿಯೇ ಎತ್ತಬೇಕು.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಯಿತಲ್ಲವೇ? ತಾಯಿಯೊಬ್ಬಳೇ ಈ ರೋಗವನ್ನು ಕೊಡಲಾರಳು. ತಂದೆಯ ಪಾಲು ಅಷ್ಟೇ, ತಾಯಿಯ ಪಾಲು ಅಷ್ಟೇ. ಹಾಗಾದರೆ ತಾಯಿಯಿಂದಲೇ ಇಳಿಯುವ ರಕ್ತರೋಗ ಇಲ್ಲವೋ? ಉಂಟು. ಗಾಯವಾದರೆ ರಕ್ತವು ಹೆಪ್ಪುಗಟ್ಟದೆ ಹರಿಯುತ್ತಲೇ ಇರುವ ಹಿಮೋಫಿಲಿಯ ಎಂಬ ರೋಗವು ಬಹುಮಟ್ಟಿಗೆ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ಆದರೆ ಆ ತಾಯಿಯು ಅದನ್ನು ಆರಿಸಿಕೊಂಡಳೋ? ಆ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ವಂಶದಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೇ ಹುಟ್ಟಿಕೊಂಡದ್ದು ಅದು. ಇಂಥಾ ರೋಗದೊಡನೆ ಹುಟ್ಟಿದವನ ಬಾಳು ಮುಗಿಯಿತೆಂದು ಹೇಳುವವರು ದಾವಣಗೆರೆಯ ಕಡೆಗೆ ನೋಡಲಿ. ಅಲ್ಲಿನ ಡಾಕ್ಟರ್ ಸುರೇಶ ಹನಗವಾಡಿಯವರು ತಾವೇ ಹಿಮೋಫಿಲಿಯ ಉಳ್ಳವರಾಗಿದ್ದು, ವೈದ್ಯಶಾಸ್ತ್ರವನ್ನು ಕಲಿತು, ಕರ್ನಾಟಕ ಹಿಮೋಫಿಲಿಯ ಸೊಸೈಟಿಯನ್ನು ಕಟ್ಟಿ, ತಮ್ಮಂಥಾ ಅನೇಕರಿಗೆ ಚಿಕಿತ್ಸೆಯ ದಾರಿ ಮಾಡಿಕೊಟ್ಟಿದ್ದಾರೆ.

ತಂದೆತಾಯಿಗಳ ಪಾಪವಲ್ಲವಾದರೆ ಪೂರ್ವಿಕರ ಪಾಪವಿರಬಹುದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಶಾಸ್ತ್ರಜ್ಞರು ಕೊಟ್ಟ ಉತ್ತರವು ಆಶ್ಚರ್ಯಕರವಾದದ್ದು. 1949ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಎಂಬ ಪಂಡಿತನು, ಮುಂದೆ 1957ರಲ್ಲಿ ನಮ್ಮ ದೇಶಕ್ಕೆ ಬಂದು ಇಲ್ಲಿಯೇ 1964ರಲ್ಲಿ ತೀರಿಕೊಂಡವನು, ಒಂದು ವಿಚಾರವನ್ನು ಮುಂದಿಟ್ಟನು. ಥಲಸ್ಸೀಮಿಯದ ವಾಹಕರಿಗೆ ಮಲೇರಿಯ ಜ್ವರವು ಅಷ್ಟಾಗಿ ಕೇಡುಮಾಡಲಾರದು; ಆದದರಿಂದಲೇ ಮಲೇರಿಯ ಹೆಚ್ಚಾಗಿದ್ದ ದೇಶಗಳಲ್ಲಿ ಈ ದೋಷವು ಉಳಿದುಕೊಂಡಿತು ಎಂಬದೇ ಅದು. ಕುಡುಗೋಲಿನಂತೆ ಬಾಗಿದ ಕಣಗಳ ರಕ್ತಹೀನತೆಯ ವಾಹಕರಲ್ಲಿಯೂ ಇದು ಸತ್ಯವೆಂದು ಆಮೇಲೆ ದೃಢವಾಯಿತು. ಆ ಕಣಗಳನ್ನು 1952ರಲ್ಲಿ ಲೇಮನ್ ಮತ್ತು ಕಟ್ಬುಶ್ ಎಂಬವರು ನೀಲಗಿರಿಯ ಗುಡ್ಡಗಾಡಿನ ಜನರಲ್ಲಿ ಕಂಡರು. ಕಾವೇರಿಯ ಆಚೆಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಅದು ಉಂಟು. ನಮ್ಮ ಹಿರಿಯರು ಚಳಿಜ್ವರವೆಂದು ಕರೆಯುತ್ತಿದ್ದ ಆ ಜ್ವರದಿಂದ ಅಕ್ಕಪಕ್ಕದ ಮಕ್ಕಳು ಸಾಯುತ್ತಿರುವಾಗ, ಒಂದು ಆಜ್ಞಾಪತ್ರ ಕೆಟ್ಟಿದ್ದ ಮಗುವು ಉಳಿದುಕೊಂಡಿತು; ಉಳಿದದ್ದರಿಂದಲೇ ಅದರ ಸಂತಾನವೂ ಉಳಿಯಿತು. ಪೂರ್ವಿಕರಿಗೆ ಗುರಾಣಿಯಾಗಿದ್ದದ್ದೇ, ಎರಡು ಕೂಡಿಬಂದಾಗ ಮಗುವಿಗೆ ಕತ್ತಿಯಾಯಿತು. ಇದನ್ನು ಪಾಪವೆಂದು ಹೇಗೆ ಕರೆಯೋಣ? ಯಾವ ಜಾತಿಯವರು ತಾನೇ ಇದನ್ನು ತೋರಿಸಿ ಮತ್ತೊಂದು ಜಾತಿಯವರನ್ನು ಹೀನೈಸುವದಕ್ಕಾದೀತು?

ಹಾಗಾದರೆ ಯಾರಿಗೂ ಯಾವ ಹೊಣೆಯೂ ಇಲ್ಲವೋ? ವಾಚಕರೇ, ಇಲ್ಲಿಯೇ ನಾವು ಎಚ್ಚರದಿಂದ ಹೆಜ್ಜೆಯಿಡಬೇಕು. ದೋಷಕ್ಕೆ ಯಾರೂ ಅಪರಾಧಿಗಳಲ್ಲ ಎಂಬದು ಒಂದು. ತಿಳುವಳಿಕೆ ಬಂದ ಮೇಲೆ ಯಾರಿಗೂ ಕರ್ತವ್ಯವಿಲ್ಲ ಎಂಬದು ಮತ್ತೊಂದು. ಮೊದಲನೆಯದು ಸತ್ಯ, ಎರಡನೆಯದು ಸುಳ್ಳು.

ನಮ್ಮ ಮನೆಗಳ ಮದುವೆಯ ವಿಷಯವನ್ನೇ ತೆಗೆದುಕೊಳ್ಳಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಅವರು ಎ. ಎಚ್. ಬಿಟಲ್ಸ್ ಎಂಬ ಶಾಸ್ತ್ರಜ್ಞರೊಡನೆ 1980ರಿಂದ 1989ರ ವರೆಗೆ ಬೆಂಗಳೂರು ಮೈಸೂರುಗಳಲ್ಲಿ ಲೆಕ್ಕ ತೆಗೆದಾಗ, ಸುಮಾರು ಮೂರರಲ್ಲಿ ಒಂದು ಮದುವೆಯು ರಕ್ತಸಂಬಂಧಿಗಳೊಳಗೆ ಆದದ್ದೆಂದು ತಿಳಿದುಬಂತು. ಸೋದರಮಾವನಿಗೆ ಕೊಟ್ಟದ್ದೂ ಅವುಗಳಲ್ಲಿ ಬಹಳವಿತ್ತು. 2019ರಿಂದ 2021ರ ವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ಇಂಥವೇ. ಹೊಲ ಒಡೆಯಬಾರದು, ಹೆಣ್ಣು ಕಣ್ಣೆದುರಿಗೇ ಇರಬೇಕು, ಅತ್ತೆಯು ಅಪರಿಚಿತಳಾಗಬಾರದು ಎಂಬ ಪ್ರೀತಿಯಿಂದಲೇ ಜನರು ಹೀಗೆ ಮಾಡುತ್ತಾರೆ. ಈ ಮದುವೆಯು ದೋಷವನ್ನು ಹುಟ್ಟಿಸುವದಿಲ್ಲ. ಅಡಗಿದ್ದ ಎರಡು ಅರ್ಧಗಳನ್ನು ಒಂದುಗೂಡಿಸುತ್ತದೆ, ಅಷ್ಟೇ. ಆದರೆ ಲೆಕ್ಕವನ್ನು ಕೇಳಿರಿ. ಒಬ್ಬನು ವಾಹಕನಾಗಿದ್ದು ಹೊರಗಿನ ಹೆಣ್ಣನ್ನು ತಂದರೆ ಆಕೆಯೂ ವಾಹಕಳಾಗಿರುವ ಸಂಭವ ನೂರಕ್ಕೆ ಮೂರು ನಾಲ್ಕು. ಅಕ್ಕನ ಮಗಳನ್ನು ತಂದರೆ ನೂರಕ್ಕೆ ಸುಮಾರು 25. ಇದನ್ನು ಅರಿಯದೆ ಮದುವೆ ಮಾಡಿದವರ ಮೇಲೆ ತಪ್ಪಿಲ್ಲ. ಅರಿತ ಮೇಲೆ, ಒಂದು ಸಣ್ಣ ರಕ್ತಪರೀಕ್ಷೆಯಿಂದ ತಿಳಿಯಬಹುದಾದದ್ದನ್ನು ತಿಳಿಯಲೊಲ್ಲೆವೆನ್ನುವದೂ, ತಿಳಿದದ್ದನ್ನು ಬೀಗರಿಂದ ಮುಚ್ಚಿಡುವದೂ ತಪ್ಪೇ ಸರಿ. ಆ ಮುಚ್ಚಿದ ಸಾಲವನ್ನು ತೀರಿಸುವದು ಇನ್ನೂ ಹುಟ್ಟದ ಮಗು.

ಪೌಲ ಬಾರ್ನಬರು ಸುವಾರ್ತೆಯನ್ನು ಸಾರುತ್ತಾ ಹೋದ ಕುಪ್ರದ್ವೀಪವನ್ನು ವಾಚಕರು ಬಲ್ಲರು. ಅದನ್ನು ಈಗ ಸೈಪ್ರಸ್ ಎಂದು ಕರೆಯುತ್ತಾರೆ. ಅಲ್ಲಿ ಏಳು ಮಂದಿಗೆ ಸುಮಾರು ಒಬ್ಬರು ಥಲಸ್ಸೀಮಿಯದ ವಾಹಕರು. ಅಲ್ಲಿನ ಸಭೆಯು 1983ರಿಂದ, ಮದುವೆಯಾಗುವ ವಧೂವರರು ರಕ್ತವನ್ನು ಪರೀಕ್ಷೆ ಮಾಡಿಸಿಕೊಂಡೆವೆಂಬ ಪತ್ರವನ್ನು ತರಬೇಕೆಂದು ನಿಯಮಿಸಿತು. ಮದುವೆಯಾಗಬೇಡಿರೆಂದು ಅದು ಹೇಳಲಿಲ್ಲ. ತಿಳಿದುಕೊಂಡು ಆಗಿರಿ ಎಂದು ಹೇಳಿತು. ಇಂದು ಆ ದ್ವೀಪದಲ್ಲಿ ಈ ರೋಗದಿಂದ ಹುಟ್ಟುವ ಮಕ್ಕಳು ಬಹು ವಿರಳ. ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕಾದರೆ, ಆ ಕಡಿಮೆಯಾದದ್ದರಲ್ಲಿ ಗರ್ಭದ ಶಿಶುವನ್ನು ಪರೀಕ್ಷಿಸಿ ಗರ್ಭವನ್ನು ತೆಗೆಸಿದ್ದರ ಪಾಲೂ ದೊಡ್ಡದಾಗಿದೆ.

ಇಲ್ಲಿ ರೇಷ್ಮೆಯ ರೈತರಿಗೆ ಒಂದು ನೆನಪು ಬಂದೀತು. ಹುಳುವಿನ ಗಂಟುರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಇಳಿಯುವದೆಂದು ಫ್ರಾನ್ಸ್ ದೇಶದ ಲೂಯಿ ಪಾಶ್ಚರನು 1865ರಿಂದ ಐದು ವರುಷ ದುಡಿದು ತೋರಿಸಿದನು. ಅಂದಿನಿಂದ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ. ರೇಷ್ಮೆಗೆ ಅದು ಸರಿಯಾದ ನ್ಯಾಯ. ಮನುಷ್ಯನಿಗೆ ಅದೇ ನ್ಯಾಯವನ್ನು ತರಬಹುದೋ? ಪರೀಕ್ಷೆಯಲ್ಲಿ ವಾಹಕಳೆಂದು ತಿಳಿದ ಹುಡುಗಿಯನ್ನು ಕೆಟ್ಟ ಬಿತ್ತನೆಯೆಂದು ಊರವರು ತಳ್ಳಿಬಿಟ್ಟರೆ, ನಾವು ಪರೀಕ್ಷೆ ಮಾಡಿಸಿದ್ದು ಒಳ್ಳೇದಕ್ಕೋ ಕೆಟ್ಟದ್ದಕ್ಕೋ? ವಾಹಕಳು ರೋಗಿಯಲ್ಲ. ವಾಹಕನಲ್ಲದವನನ್ನು ಆಕೆಯು ಮದುವೆಯಾದರೆ ಮಕ್ಕಳಿಗೆ ಈ ರೋಗ ಬರುವದಿಲ್ಲ. ಹೆಣ್ಣನ್ನು ಮಾತ್ರ ಪರೀಕ್ಷಿಸಿ ಗಂಡನ್ನು ಬಿಡುವದೂ ಅನ್ಯಾಯ. ಗರ್ಭದ ಶಿಶುವಿಗೆ ರೋಗವಿದೆಯೆಂದು ತಿಳಿದ ದಂಪತಿಗಳ ಸಂಕಟವನ್ನೋ, ಉಪದೇಶಪೀಠದ ಮೇಲೆ ನಿಂತು ಒಂದು ಮಾತಿನಲ್ಲಿ ತೀರ್ಮಾನಿಸುವ ಧೈರ್ಯ ನಮಗಿಲ್ಲ. ಕಾನೂನು ಏನನ್ನು ಅನುಮತಿಸುತ್ತದೋ ಅದನ್ನು ವೈದ್ಯರು ಹೇಳುವರು. ಮನಸ್ಸಾಕ್ಷಿಯ ಭಾರವನ್ನು ಹೊರುವವರು ಅವರಿಬ್ಬರೇ. ಆ ಭಾರವು ಬಾರದಂತೆ ಮದುವೆಗೆ ಮುಂಚೆಯೇ ತಿಳಿದುಕೊಳ್ಳುವದು ಉತ್ತಮವೆಂದು ಮಾತ್ರ ನಿಸ್ಸಂದೇಹವಾಗಿ ಹೇಳುತ್ತೇವೆ. ಹುಟ್ಟಿರುವ ಮಗುವೋ ಹುಟ್ಟಬಾರದಾಗಿದ್ದ ಮಗುವಲ್ಲ. ಅದು ಹಸಿದಿರುವ, ನಗುವ, ಹೆಸರುಳ್ಳ ಮಗು.

ಆ ಮಗುವಿಗೆ ಗುಣವಾಗುವ ದಾರಿ ಉಂಟೋ? ಉಂಟು, ಆದರೆ ಇಕ್ಕಟ್ಟಾದದ್ದು. ಎಲುಬಿನೊಳಗಿನ ಮಜ್ಜೆಯಲ್ಲಿಯೇ ರಕ್ತವು ಹುಟ್ಟುವದರಿಂದ, ಕೆಟ್ಟ ಮಜ್ಜೆಯನ್ನು ತೆಗೆದು ಮತ್ತೊಬ್ಬರ ಒಳ್ಳೇ ಮಜ್ಜೆಯನ್ನು ನೆಡುತ್ತಾರೆ. ಇಲ್ಲಿ ದೇಹದ ಕಾವಲುಗಾರರ ಪ್ರಶ್ನೆ ಬರುತ್ತದೆ. ರಕ್ತದ ಬಿಳಿಯ ಕಣಗಳು ತನ್ನವರು ಯಾರು, ಅನ್ಯರು ಯಾರು ಎಂದು ಪ್ರತಿ ಕಣದ ಮೇಲಿನ ಗುರುತನ್ನು ನೋಡಿ ತಿಳಿಯುತ್ತವೆ. ಆ ಗುರುತುಗಳಲ್ಲಿ ಮೊದಲನೆಯದನ್ನು 1958ರಲ್ಲಿ ಜಾನ್ ದೋಸೆ ಎಂಬ ಫ್ರೆಂಚ್ ವೈದ್ಯನು ಕಂಡುಹಿಡಿದನು. ಗುರುತು ಹೊಂದದಿದ್ದರೆ ನೆಟ್ಟ ಮಜ್ಜೆಯು ಮಗುವಿನ ದೇಹದ ಮೇಲೆಯೇ ಯುದ್ಧಕ್ಕೆ ನಿಲ್ಲುವದು. ಒಡಹುಟ್ಟಿದವರ ಗುರುತು ಪೂರ್ತಿಯಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. 1900ರಲ್ಲಿ ಈಡಾ ಸ್ಕಡರ್ ಅಮ್ಮನವರು ಒಂದೇ ಹಾಸಿಗೆಯಿಂದ ಆರಂಭಿಸಿದ ವೆಲ್ಲೂರಿನ ಆಸ್ಪತ್ರೆಯಲ್ಲಿ 1986ರಿಂದ ಈ ಚಿಕಿತ್ಸೆಯು ನಡೆಯುತ್ತಾ ಬಂದಿದೆ; ಈಗ ಬೆಂಗಳೂರಿನಲ್ಲಿಯೂ ಉಂಟು.

ಇನ್ನೂ ಮುಂದಕ್ಕೆ ಹೋಗಿ, ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ನೆಯ ನವೆಂಬರಿನಲ್ಲಿ ಇಂಗ್ಲೆಂಡಿನವರು ಮೊದಲು ಅಪ್ಪಣೆ ಕೊಟ್ಟರು. ಗರ್ಭದಲ್ಲಿದ್ದಾಗ ಶಿಶುವನ್ನು ಕಾಪಾಡಿದ ಆ ಹಳೆಯ ಎಳೆಯನ್ನು ಮತ್ತೆ ನೂಲುವಂತೆ ಮಾಡುವದೇ ಅದರ ಯುಕ್ತಿ. ಆದರೆ ಅಮೇರಿಕದಲ್ಲಿ ಒಬ್ಬ ರೋಗಿಗೆ ಅದರ ಬೆಲೆ ಸುಮಾರು 22 ಲಕ್ಷ ಡಾಲರು. 2024ನೆಯ ದಶಂಬರಿನಲ್ಲಿ ವೆಲ್ಲೂರಿನವರು, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಗೆ ಸೇರಿದ ತಮ್ಮ ಮೂಲಕೋಶ ಕೇಂದ್ರದೊಡನೆ ಕೂಡಿ, ಕಠಿಣ ಹಿಮೋಫಿಲಿಯ ಉಳ್ಳ ಐದು ಮಂದಿಗೆ ಸರಿಯಾದ ವಂಶವಾಹಿಯನ್ನು ಸೇರಿಸಿದ ವರ್ತಮಾನವನ್ನು ಪ್ರಕಟಿಸಿದರು. ಚಿಕಿತ್ಸೆಯ ನಂತರ ಅವರಲ್ಲಿ ರಕ್ತಸ್ರಾವವು ನಿಂತಿತು. ಇಂಥಾ ಔಷಧವು ಧನಿಕರ ಮಕ್ಕಳಿಗೆ ಮಾತ್ರ ಸಿಕ್ಕಿದರೆ, ದೋಷವು ರಕ್ತದಿಂದ ಹಣದ ಚೀಲಕ್ಕೆ ಸ್ಥಳ ಬದಲಾಯಿಸಿತು ಎಂದಷ್ಟೇ ಹೇಳಬೇಕಾದೀತು. ನಮ್ಮ ದೇಶದಲ್ಲಿಯೇ ಕಡಿಮೆ ವೆಚ್ಚದಲ್ಲಿ ಇದನ್ನು ಸಾಧಿಸಲು ದುಡಿಯುವವರ ಕೆಲಸವು ಆದದರಿಂದಲೇ ಧರ್ಮದ ಕೆಲಸ.

ಅದು ನಮ್ಮ ಹಳ್ಳಿಗೆ ಬರುವ ವರೆಗೆ ನಾವು ಕೈಕಟ್ಟಿ ಕೂರಬೇಕೋ? ಒಂದು ಮಗುವಿಗೆ ವರುಷಕ್ಕೆ ಹದಿನೈದು ಇಪ್ಪತ್ತು ಸಾರಿ ರಕ್ತ ಬೇಕು. 1998ನೆಯ ಜನವರಿ 1ರಿಂದ ನಮ್ಮ ದೇಶದಲ್ಲಿ ರಕ್ತವನ್ನು ಹಣಕ್ಕೆ ಮಾರುವದು ನಿಷಿದ್ಧ, ದಾನವಾಗಿಯೇ ಬರಬೇಕು. 18ರಿಂದ 65 ವಯಸ್ಸಿನೊಳಗೆ, 45 ಕಿಲೋ ತೂಕಕ್ಕೆ ಕಡಿಮೆಯಿಲ್ಲದ ಆರೋಗ್ಯವಂತರು, ಗಂಡಸರಾದರೆ ಮೂರು ತಿಂಗಳಿಗೊಮ್ಮೆ, ಹೆಂಗಸರಾದರೆ ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ರಕ್ತಕ್ಕೆ ಗುಂಪುಗಳುಂಟು, ಆ ಗುಂಪುಗಳು ಕೇರಿಯ ಗಡಿಯನ್ನು ನೋಡುವದಿಲ್ಲ. ಮೇಲಿನ ಬೀದಿಯ ಮಗುವು ಕೆಳಗಿನ ಕೇರಿಯವನ ರಕ್ತದಿಂದ ಬದುಕುತ್ತದೆ. 2016ರ ಕಾನೂನು ಥಲಸ್ಸೀಮಿಯ, ಹಿಮೋಫಿಲಿಯ, ಕುಡುಗೋಲು ಕಣದ ರೋಗ ಈ ಮೂರನ್ನೂ ಅಂಗವೈಕಲ್ಯಗಳ ಪಟ್ಟಿಗೆ ಸೇರಿಸಿದೆ. ಆ ಸಹಾಯವನ್ನು ಕೇಳಿ ಪಡೆಯುವದು ಭಿಕ್ಷೆಯಲ್ಲ. ಅರ್ಜಿಯನ್ನು ಬರೆದುಕೊಡಲು ಅಕ್ಷರ ಬಲ್ಲವರು ಹಿಂಜರಿಯಬಾರದು.

ನಾವು ಆ ಮನೆಗೆ ಮತ್ತೆ ಹೋದೆವು. ಅಷ್ಟರೊಳಗೆ ಬೆಂಗಳೂರಿನ ವೈದ್ಯರು ಚೌಕಗಳನ್ನೂ ವೃತ್ತಗಳನ್ನೂ ಬರೆದು ವಂಶದ ನಕ್ಷೆಯನ್ನು ಮಾಡಿ ಕೊಟ್ಟಿದ್ದರು. ಮುದುಕಿಯು ಅದನ್ನು ನಮ್ಮ ಕೈಗೆ ಕೊಟ್ಟು ಓದಿಸಿದಳು. ಗಂಡನ ಗೆರೆಯೂ ಹೆಂಡತಿಯ ಗೆರೆಯೂ ಮೇಲಕ್ಕೆ ಹೋಗಿ ಒಂದೇ ಜೋಡಿಯ ಬಳಿಯಲ್ಲಿ ಕೂಡುತ್ತಿದ್ದವು. ಆ ಜೋಡಿಯು ಆಕೆಯೂ ತೀರಿಹೋದ ಆಕೆಯ ಗಂಡನೂ. “ಹಾಗಾದರೆ ಇದು ನನ್ನಿಂದ ಬಂತೇ, ಅಯ್ಯನವರೇ?” ಎಂದು ಕೇಳಿದಳು. ಹೌದು, ನೀನು ಮೊಮ್ಮಗಳ ಮೇಲೆ ಎಸೆದ ಕಲ್ಲು ನಿನ್ನ ಅಂಗಳಕ್ಕೇ ಬಿತ್ತು ಎಂದು ಹೇಳುವದು ಸುಲಭವಾಗಿತ್ತು; ನಮ್ಮ ನಾಲಿಗೆಯ ತುದಿಗೂ ಅದು ಬಂದಿತ್ತು. ಆದರೆ ತಿಳುವಳಿಕೆಯನ್ನು ಕಲ್ಲಾಗಿ ಮಾಡಿಕೊಂಡರೆ ಅಜ್ಞಾನಕ್ಕಿಂತ ಅದು ಹೆಚ್ಚೇನು? “ಅಜ್ಜೀ, ನಿಮ್ಮಿಂದಲೋ ನಿಮ್ಮ ಯಜಮಾನರಿಂದಲೋ ಬಂದಿರಬಹುದು. ನಿಮಗೆ ನಿಮ್ಮ ಹಿರಿಯರಿಂದ, ಅವರಿಗೆ ಅವರ ಹಿರಿಯರಿಂದ. ಯಾರೂ ಕಾಣಲಿಲ್ಲ, ಯಾರೂ ಬೇಕೆಂದು ಕೊಡಲಿಲ್ಲ” ಎಂದೆವು. ಬಳಿಕ ತಾಯಿಯ ಕಡೆಗೆ ತಿರುಗಿ, ಅಂದು ನಾವು ಆಡಿದ ಮಾತು ತಪ್ಪಾಗಿತ್ತೆಂದು ಒಪ್ಪಿಕೊಂಡೆವು. ಆಕೆಯು, “ಅದಿರಲಿ ಅಯ್ಯನವರೇ, ಬರುವ ಸೋಮವಾರ ರಕ್ತ ಬೇಕು, ಯಾರಾದರೂ ಸಿಕ್ಕಾರೇ?” ಎಂದಳು.

ವಾಚಕರೇ, ಹೊಣೆ ಯಾರು ಎಂಬ ಪ್ರಶ್ನೆಗೆ ಆಕೆಯು ನಮಗಿಂತ ಚೆನ್ನಾಗಿ ಉತ್ತರ ಕೊಟ್ಟಳು. ಹಿಂದಕ್ಕೆ ನೋಡಿ ಹೊಣೆಯನ್ನು ಹುಡುಕಿದರೆ ಗೆರೆಯು ಮೇಲಕ್ಕೆ ಹೋಗುತ್ತಾ ಕೊನೆಗಾಣದು. ಮುಂದಕ್ಕೆ ನೋಡಿದರೆ ಬರುವ ಸೋಮವಾರವೇ ಕಾಣುತ್ತದೆ, ಅಲ್ಲಿ ನಮ್ಮಲ್ಲಿ ಪ್ರತಿಯೊಬ್ಬರ ಹೆಸರೂ ಬರೆದಿದೆ. ಮದುವೆಗೆ ಮುಂಚೆ ನಮ್ಮ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಪರೀಕ್ಷೆ ಮಾಡಿಸೋಣ. ತಿಳಿದದ್ದನ್ನು ಮುಚ್ಚದೆ ಹೇಳೋಣ. ತಿಳಿದದ್ದರಿಂದ ಯಾರನ್ನೂ ತಳ್ಳದಿರೋಣ. ನಮ್ಮ ತೋಳನ್ನು ಚಾಚಿ ರಕ್ತವನ್ನು ಕೊಡೋಣ. ಮಗುವಿನ ತಾಯಿಯನ್ನು ಕಂಡಾಗ ಕೇಳತಕ್ಕ ಪ್ರಶ್ನೆಯು ನೀನು ಏನು ತಪ್ಪುಮಾಡಿದಿ ಎಂಬದಲ್ಲ, ನಾವು ಏನು ಮಾಡಬಹುದು ಎಂಬದೇ.